ನಲವತ್ತೊಂದನೆಯ ಹಾಜರಿ ಹಾಳೆ

ಮಾನ್ಯ ಸಂತ್ರಸ್ತರ ನೆರವು ಅಧಿಕಾರಿಗಳೇ,

ಕುಡಿದು ಕಾರು ಓಡಿಸಿ ನನ್ನ ತಮ್ಮನನ್ನು ಕೊಂದವನಿಗೆ ಲೈಸೆನ್ಸ್ ಮರಳಿ ಸಿಗಲು ನನ್ನ ಸಹಿ ಬೇಕಂತೆ. ನಿಮ್ಮ ಕಚೇರಿಯಿಂದ ಮೂರನೆಯ ನೆನಪೋಲೆ ಬಂದಿದೆ. ‘ತಮ್ಮ ವಿಳಂಬದಿಂದ ಫಲಾನುಭವಿಗೆ ತೊಂದರೆಯಾಗುತ್ತಿದೆ’ ಎಂದು ಬರೆದಿದ್ದೀರಿ. ಈ ಪ್ರಕರಣದ ಫಲಾನುಭವಿ ಯಾರೆಂಬುದು ಮೂರು ವರ್ಷಗಳ ಬಳಿಕ ತಿಳಿದಂತಾಯಿತು.

ನಾನು ಬಟ್ಟೆ ಹೊಲಿಯುವವಳು. ತಮ್ಮ ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದುತ್ತಿದ್ದ. ಮಧ್ಯಾಹ್ನ ಮೂರು ಗಂಟೆಗೆ ಫುಟ್‌ಪಾತಿನ ಮೇಲೆ ನಿಂತು ಅಂಕಿ ಬರೆದುಕೊಳ್ಳುತ್ತಿದ್ದಾಗ ಕಾರು ಅವನ ಮೇಲೆ ಹರಿಯಿತು. ಆಮೇಲೆ ನಿಮ್ಮ ಆಪ್ತಸಮಾಲೋಚಕಿ ಎರಡು ಸಲ ಮನೆಗೆ ಬಂದರು. ಮೂರನೆಯ ಸಲ ಬಂದದ್ದು ಅವರಲ್ಲ, ‘ನೋವಿಗೆ ದನಿ ಕೊಡಿ’ ಎಂಬ ತರಬೇತಿಯ ಆಹ್ವಾನ. ನಂಬಿ ಹೋದೆ. ಭಾಷಣ ಹನ್ನೆರಡು ನಿಮಿಷ ಮೀರಬಾರದು, ಫೋಟೋ ಒಂದೇ ಸಾಕು, ಅಳು ಬಂದರೆ ತಡೆಯಬೇಕಿಲ್ಲ, ಆದರೆ ಆರಂಭದಲ್ಲೇ ಬೇಡ ಎಂದು ಒಂದೇ ದಿನದಲ್ಲಿ ಕಲಿಸಿದಿರಿ. ಯಾವಾಗ ಅಳಬೇಕೆಂದು ಕಲಿಸಿದವರು ಅತ್ತ ಮೇಲೆ ಯಾರ ಬಳಿ ಹೋಗಬೇಕೆಂದು ಹೇಳಲಿಲ್ಲ.

ಕುಡಿದು ಓಡಿಸಿ ಸಿಕ್ಕಿಬಿದ್ದವರು ಲೈಸೆನ್ಸ್ ಮರಳಿ ಪಡೆಯುವ ಮುನ್ನ ನಮ್ಮಂಥವರ ಮಾತು ಕೇಳಬೇಕು. ಕೇಳಿದರೆಂದು ಮಾತಾಡಿದವರೇ ಸಹಿ ಹಾಕಬೇಕು. ಇದು ನಿಮ್ಮ ಕ್ರಮ. ಎರಡು ತಿಂಗಳ ಹಿಂದೆ ಭಾಷಣ ಮುಗಿಸಿ ನಲವತ್ತು ಜನರ ಹಾಜರಿ ಹಾಳೆಗೆ ಸಹಿ ಹಾಕಿದೆ. ನಲವತ್ತೊಂದನೆಯವನು ಹಾಳೆ ಚಾಚಿದಾಗ ತಲೆ ಎತ್ತಿ ನೋಡಿದೆ. ಅವನೇ.

“ಬೇಗ ಹಾಕ್ಕೊಡಿ ಅಕ್ಕಾ, ಹೊರಗೆ ಟ್ಯಾಕ್ಸಿ ಕಾಯ್ತಿದೆ.”

“ನಾನು ಯಾರಂತ ಗೊತ್ತಾಗ್ಲಿಲ್ವಾ?”

“ಕೋರ್ಟಲ್ಲಿ ನೋಡಿದ ಹಾಗಿದೆ.” ಹಾಳೆಯನ್ನು ಇನ್ನಷ್ಟು ಹತ್ತಿರ ಸರಿಸಿದ: “ಇವತ್ತು ಚೆನ್ನಾಗಿ ಮಾತಾಡಿದ್ರಿ.”

ನಿಮ್ಮ ಗುಮಾಸ್ತರು ಓಡಿ ಬಂದರು. “ತಲೆ ಕೆಡಿಸ್ಕೋಬೇಡಿ ಅಮ್ಮಾ. ಸೈನ್ ಅಂದ್ರೆ ಕ್ಷಮಿಸಿದ್ದೀರಿ ಅಂತಲ್ಲ, ಅವ್ರು ಬಂದಿದ್ರು ಅಂತ ಅಷ್ಟೇ.”

“ಹಾಗಾದ್ರೆ ನೀವೇ ಹಾಕಿ. ನೀವೂ ನೋಡಿದ್ರಲ್ಲ.”

“ಅಯ್ಯೋ, ನಾನು ಸಂತ್ರಸ್ತ ಅಲ್ವಲ್ಲಮ್ಮಾ!”

ಅವರ ಮೇಲೆ ನನಗೆ ಸಿಟ್ಟಿಲ್ಲ, ನಿಯಮ ಹೇಳಿದರು. ಆದರೆ ಬರುವವರ ಪಟ್ಟಿ ಒಂದು ವಾರ ಮೊದಲೇ ನಿಮ್ಮ ಮೇಜಿನ ಮೇಲಿತ್ತು. ಮಾತಾಡುವವಳ ಹೆಸರೂ ಅಲ್ಲೇ ಇತ್ತು. ಎರಡನ್ನೂ ಒಟ್ಟಿಗೆ ಓದುವ ಕೆಲಸ ಯಾರದು? ನನ್ನ ತಮ್ಮ ಒಂದಂಕಿ ಅನುಮಾನ ಬಂದರೂ ಅದೇ ಮನೆಗೆ ಮತ್ತೆ ನಡೆದು ಹೋಗಿ ನೋಡಿ ಬರುತ್ತಿದ್ದ. ಅಷ್ಟು ನಡೆಯುವವರು ನಿಮ್ಮಲ್ಲಿ ಯಾರೂ ಇಲ್ಲವೇ?

ಸಹಿ ಹಾಕದೆ ಮನೆಗೆ ತಂದ ಆ ಹಾಳೆ ಎರಡು ತಿಂಗಳು ಹೊಲಿಗೆ ಯಂತ್ರದ ಡ್ರಾಯರಿನಲ್ಲಿತ್ತು. ಅವನು ಬಂದಿದ್ದ, ಹನ್ನೆರಡು ನಿಮಿಷವೂ ಕುಳಿತಿದ್ದ. ಇಲ್ಲವೆಂದು ಸುಳ್ಳು ಹೇಳಲಾರೆ. ಸಹಿ ಹಾಕಿ ಕಳುಹಿಸಿದ್ದೇನೆ. ಇನ್ನು ಮುಂದೆ ಆ ಸಹಿ ನಿಮ್ಮವರದಾಗಲಿ. ಮಾತು ಮುಗಿಸಿ ಇಳಿದವರ ಪಕ್ಕ ಒಬ್ಬರಾದರೂ ಬಂದು ಕೂರಲಿ. ನನ್ನ ಬೇಡಿಕೆ ಇಷ್ಟೇ. ಈಡೇರುತ್ತದೆಂಬ ನಂಬಿಕೆಯಿಲ್ಲ. ಮುಂದಿನ ತಿಂಗಳ ಭಾಷಣಕ್ಕೆ ನಿನ್ನೆ ಆಹ್ವಾನ ಬಂದಿದೆ. ಕೇಳಲು ಬರುವವರ ಪಟ್ಟಿ ಈ ಸಲವೂ ಜೊತೆಗಿಲ್ಲ.

ಇಂತಿ,
ಅವನು ಕೇಳಿಸಿಕೊಂಡನೆಂದು ದೃಢೀಕರಿಸಿರುವ,
ಮೀಟರ್ ಓದುತ್ತಿದ್ದವನ ಅಕ್ಕ