ಹಾಡಿನ ನಡುವಿನ ಕೂಗು

ಹಳೇ ರೇಡಿಯೊ ಅವರಿಗೆ,

ನಮಸ್ಕಾರ. ನಿಮ್ಮ ನಿಜವಾದ ಹೆಸರು ಗೊತ್ತಿಲ್ಲ. ನನ್ನ ಬ್ಲಾಗಿನಲ್ಲಿ ನೀವು ಇಟ್ಟುಕೊಂಡಿರುವ ಹೆಸರಿನಿಂದಲೇ ಕರೆಯುತ್ತಿದ್ದೇನೆ.

ನೀವು ಬಹಳ ದಿನದಿಂದ ಕೇಳುತ್ತಿದ್ದ ಪತ್ತೇದಾರಿ ಮಾಸಿಕದ ಕೊನೆಯ ಪುಟ ಸಿಕ್ಕಿದೆ. ನನ್ನ ಹೆಂಡತಿ ಅದನ್ನು ಅಡುಗೆಮನೆಯ ಕಪಾಟಿಗೆ ಹಾಸಿದ್ದಳು. ಮೊನ್ನೆ ಅವಳ ಡಬ್ಬಿಗಳನ್ನೆಲ್ಲ ಇಳಿಸುವಾಗ ಕಂಡಿತು. ಎಣ್ಣೆಯ ಜಿಡ್ಡು ಹಿಡಿದಿದೆ, ಆದರೂ ಕೊಲೆಗಾರ ಯಾರೆಂದು ಓದಬಹುದು. ನಾಳೆ ಸ್ಕ್ಯಾನ್ ಮಾಡಿ ಹಾಕುತ್ತೇನೆ.

ನನ್ನದೊಂದು ಕೋರಿಕೆ ಇದೆ. ಕಾರ್ ಶೆಡ್ಡಿನಲ್ಲಿ ಹಾಡುತ್ತಿದ್ದ, ಯಾರಿಗೂ ಗೊತ್ತಿಲ್ಲದ ಆ ಹುಡುಗರ ಕ್ಯಾಸೆಟ್ಟನ್ನು ಬ್ಲಾಗಿಗೆ ಹಾಕಲು ಮೊದಲ ಸಲ ನಾನು ಟೇಪ್ ರೆಕಾರ್ಡರಿನ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದೆ. ಎರಡನೇ ಹಾಡಿನ ನಡುವೆ, "ರೀ, ಆ ಗಲಾಟೆ ಸಾಕು ಮಾಡಿ, ಊಟ ಆರಿ ಹೋಗ್ತಿದೆ!" ಎಂಬ ನನ್ನ ಹೆಂಡತಿಯ ಕೂಗು ಸೇರಿಕೊಂಡಿತ್ತು. "ಸ್ವಾಮಿ, ಆ ಹೆಂಗಸಿನ ದನಿ ತೆಗೀರಿ, ಹಾಡೇ ಕೆಟ್ಟುಹೋಯ್ತು" ಎಂದು ನೀವು ಬರೆದಿರಿ. ಅದನ್ನು ಓದಿ ಹೇಳಿದಾಗ ಅವಳು ನಕ್ಕಿದ್ದಳು: "ಅವ್ರಿಗಾದ್ರೂ ನನ್ ಮಾತು ಕೇಳಿಸ್ತಲ್ಲ!" ನಾನು ಮೈಕ್ ಬಿಟ್ಟು, ನೇರವಾಗಿ ವೈರ್ ಜೋಡಿಸಿ ಮತ್ತೆ ರೆಕಾರ್ಡ್ ಮಾಡಿ, ಹಳೆಯದನ್ನು ಅಳಿಸಿಬಿಟ್ಟೆ.

ಈಗ ಮೈಕ್ ಇಟ್ಟು ರೆಕಾರ್ಡ್ ಮಾಡಿದರೂ ಹಾಡೊಂದೇ ಬರುತ್ತದೆ.

ಆ ಮೊದಲ ಪ್ರತಿಯನ್ನು ಡೌನ್‌ಲೋಡ್ ಮಾಡಿಕೊಂಡವರು ನೀವೊಬ್ಬರೇ. ಇನ್ನೂ ಉಳಿದಿದ್ದರೆ ದಯವಿಟ್ಟು ಕಳುಹಿಸಿ. ಇಲ್ಲದಿದ್ದರೂ ನಿಮ್ಮ ಪುಟ ನಿಮಗೆ ಸಿಗುತ್ತದೆ, ಆ ಚಿಂತೆ ಬೇಡ. ಆದರೆ ಆ ಪ್ರತಿ ಇದ್ದರೆ, ಏನನ್ನೂ ಶುಚಿ ಮಾಡಲು ಹೋಗಬೇಡಿ. ಹಾಡು ತುಂಡಾಗಿದ್ದರೂ ಸರಿ, ಆ ಕೂಗು ಇರಲಿ.

ಇಂತಿ,
ತುಕ್ಕು ಕ್ಯಾಸೆಟ್