ಶ್ರೀಶೈಲಕ್ಕೆ ನನ್ನ ನಡಿಗೆ

ರೀ,

ನಿಮ್ಮ ಪಾದಯಾತ್ರೆ ತಂಡ ನಾಳೆ ಹೊರಡಲಿ, ನಾನು ಇವತ್ತೇ ಶ್ರೀಶೈಲದ ದಾರಿ ಹಿಡಿದೀನಿ. ಹೋದ ವರ್ಷ ಮುಂದೆ ಮುಂದೆ ಹೋಗಿ ನಿಂತು, “ಬಾರೇ ಶಂಕ್ರಿ, ಗಬ್ಬದ ಎಮ್ಮೆನೂ ನಿನಗಿಂತ ಜೋರು ನಡೀತದ” ಅಂತ ಎಲ್ಲರೆದುರು ನಕ್ಕಿರಿ. ಈ ಸಲ ನನ್ನ ಒಂದು ಮಾತೂ ಕೇಳದೆ ನನಗೊಬ್ಬಳಿಗೇ ಬಸ್ ಟಿಕೆಟ್ ತಂದ್ರಿ. ಚಿಕ್ಕಂದಿನಿಂದ ಪುರಾಣ ಕೇಳೀನಿ. ಮಲ್ಲಯ್ಯ ಬೇಗ ಬಂದವರಿಗಷ್ಟೇ ದರ್ಶನ ಕೊಟ್ಟ ಅಂತ ಯಾವ ಪದ್ಯದಾಗೂ ಇಲ್ಲ.

ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟೀನಿ. ಎಮ್ಮೆನ ಪಕ್ಕದ ಮನಿ ಭುವನಾ ನೋಡ್ಕೊಳ್ತಾಳ, ಕೀಲಿ ಅವಳಿಗೆ ಕೊಡ್ರಿ. ನಿಮ್ಮ ಹಿಮ್ಮಡಿ ಒಡೆದಾವ, ಎಣ್ಣೆ ಹಚ್ಕೊಳ್ರಿ.

ದಾರ್ಯಾಗ ನಾ ಸಿಕ್ಕರೆ ಜೊತೆಗೆ ನಡೀರಿ, ಇಲ್ಲಾ ಸುಮ್ಮನೆ ದಾಟಿ ಹೋಗ್ರಿ. ಮುಂದೆ ನಿಂತು ಕರೀಬ್ಯಾಡ್ರಿ.

ಬಸ್ ಟಿಕೆಟ್ ದೇವರ ಮುಂದೆ ಅದ. ಮರೀದೆ ಜೇಬಿನಾಗ ಇಟ್ಕೊಳ್ರಿ, ನಿಮ್ಮ ಕಾಲು ಸೋತರೆ ಬೇಕಾಗ್ತದ.

ಶಂಕ್ರಮ್ಮ