ಐಸಿಯು ಬಾಗಿಲಾಚೆ ಕೂತವಳಿಗೆ

ಲಾ ವೇಗಾ,
ಮಾರ್ಚ್ 9

ಯೊಕಾಸ್ಟಾ,

‘ಪ್ರೀತಿಯ’ ಅಂತ ಬರೆಯಲು ಕೈ ಬರಲಿಲ್ಲ, ತಪ್ಪು ತಿಳಿಯಬೇಡ. ನೀನು ಚೆನ್ನಾಗಿರಬೇಕು. ಇನ್ನು ಅವನನ್ನು ನೋಡಿಕೊಳ್ಳುವವಳು ನೀನೇ.

ಹನ್ನೊಂದು ವರ್ಷದಿಂದ ಎಲ್ಪಿಡಿಯೊ ಉಣ್ಣುವುದು ಮೋಕಾದ ನಿನ್ನ ಮನೆಯಲ್ಲಿ. ಆದರೆ ಚರ್ಚಿನಲ್ಲಿ ಮದುವೆಯಾದವಳು ನಾನು. ವಿಚ್ಛೇದನಕ್ಕೆಂದು ಇಬ್ಬರೂ ಓಡಾಡಲಿಲ್ಲ. ಹಾಗಾಗಿ ಬೈಪಾಸ್ ಆದ ಮೇಲೆ ಆಸ್ಪತ್ರೆಯವರು ಒಳಗೆ ಬಿಟ್ಟದ್ದು ನನ್ನೊಬ್ಬಳನ್ನೇ. ನೀನು ಬಾಳೆಕಾಯಿ ಮುದ್ದೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತೆ. ನೀವು ಅವರಿಗೆ ಏನಾಗ್ಬೇಕಮ್ಮ ಅಂತ ಕಾವಲಿನವನು ಕೇಳಿದಾಗ ನೀನು ತಲೆ ತಗ್ಗಿಸಿದೆ. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಸುಸ್ತಾಗಿತ್ತು ಅಷ್ಟೆ.

ಎರಡನೆಯ ದಿನ ಒಳಗೆ ನಡೆದದ್ದನ್ನು ನಿನಗೆ ಯಾರೂ ಸರಿಯಾಗಿ ಹೇಳಲಿಲ್ಲ. ಅವನ ಎಡ ಮುಂಗೈಯಿಂದ ತೆಗೆದು ಹೃದಯಕ್ಕೆ ಹೊಲಿದಿದ್ದ ರಕ್ತನಾಳ ಇದ್ದಕ್ಕಿದ್ದಂತೆ ಬಿಗಿದುಕೊಂಡಿತು, ಮೀನಖಂಡ ಹಿಡಿದುಕೊಳ್ಳುತ್ತದಲ್ಲ, ಹಾಗೆ. ರಕ್ತ ಹರಿಯದೆ ಮುಖ ಬಿಳಿಚಿಕೊಂಡಿತು. ಡಾಕ್ಟರಮ್ಮ ಓಡಿ ಬಂದು, ತೊಡೆಯಿಂದ ಕೊಳವೆ ತೂರಿಸಿ ನಾಳಕ್ಕೇ ಔಷಧಿ ಬಿಡ್ಬೇಕು, ಹೆಂಡತಿ ಯಾರು, ಬೇಗ ಸಹಿ ಹಾಕಿ ಅಂದರು. ಹಾಕಿದೆ. ಉಳೀತಾನಾ ಅಂತ ಕೇಳಿದ್ದಕ್ಕೆ, ನಾಳ ಸಡಿಲ ಆದ್ರೆ ಉಳೀತಾರೆ ಅಂದರು. ಸಡಿಲವಾಯಿತು. ಆ ಮನುಷ್ಯನ ಮೈಯಲ್ಲಿ ಹೇಳಿದ ಮಾತು ಕೇಳಿದ್ದು ಅದೊಂದೇ.

ಮಾರನೆಯ ದಿನ ನೀನು ನನ್ನ ತಂಗಿ ಅಂತ ಕಾವಲಿನವನಿಗೆ ಹೇಳಿ ನಿನ್ನನ್ನು ಒಳಗೆ ಕಳಿಸಿದೆನಲ್ಲ, ಒಂಚೂರೂ ಹೋಲಲ್ವಲ್ಲಮ್ಮ ಅಂತ ಅವನು ನಕ್ಕ. ತಾಯಿ ಬೇರೆ ಕಣಪ್ಪ, ತಾಪತ್ರಯ ಒಂದೇ ಅಂದೆ.

ಈಗ ಕೇಳು. ನಾಳ ಬಿಗಿಯದಂತೆ ಕೊಟ್ಟಿರುವ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಸಿಗರೇಟು ಸೇದಿದರೆ ಮತ್ತೆ ಸೆಟೆದುಕೊಳ್ಳಬಹುದಂತೆ. ಅಂಗಡಿ ಮುಂದೆ ಡಾಮಿನೋ ಆಡಲು ಕೂತರೆ, ಒಂದ್ ದಮ್ ಎಳಿಯೋ, ಏನಾಗಲ್ಲ ಅನ್ನುವ ಗೆಳೆಯರಿದ್ದಾರೆ. ನೀನೂ ಹೋಗಿ ಪಕ್ಕದಲ್ಲಿ ಕೂರು, ನಾಚಿಕೆ ಬೇಡ. ನನಗೆ ಅವನ ಹಿಂದೆ ಓಡಿ ಓಡಿ ಸಾಕಾಗಿದೆ. ಅವನು ಬದುಕಬೇಕು ಅಂತ ಮಾತ್ರ ಇನ್ನೂ ಆಸೆ ಇದೆ, ಯಾಕೋ ಗೊತ್ತಿಲ್ಲ.

ಇತಿ,
ನೂರಿಸ್

ತಾ.ಕ.: ಎಚ್ಚರವಾದಾಗ ಅವನು ಯಾರನ್ನು ಕರೆದ ಅಂತ ನೀನು ಕೇಳಿದ್ದೆ. ಯಾರನ್ನೂ ಇಲ್ಲ ಅಂದಿದ್ದೆ. ಸುಳ್ಳು. ಕಣ್ಣು ಮುಚ್ಚಿಕೊಂಡೇ ನಿನ್ನ ಹೆಸರು ಹಿಡಿದು ಕರೆದ. ಇಲ್ಲೇ ಇದೀನಿ ಅಂತ ನಾನೇ ಅವನ ಕೈ ಹಿಡಿದುಕೊಂಡೆ. ನರ್ಸ್ ಬಂದು ನನ್ನನ್ನು ಏಳಿಸುವವರೆಗೂ ಆ ಕೈ ಬಿಡಲಿಲ್ಲ.